ಉಪವಾಸದ ತಿಗಣೆಗಳು

ಪೆಟ್ಟಿಗೆಯೊಳಗೆ ಇಣುಕಿದ ಡಾಕ್ಟರಮ್ಮನ ಎದೆ ಧಸಕ್ಕೆಂದಿತು. ನಿನ್ನೆಯವರೆಗೆ ಒಣಗಿದ ಎಲೆಯಂತೆ ಚಪ್ಪಟೆಯಾಗಿದ್ದ ತಿಗಣೆಗಳು ಇಂದು ದ್ರಾಕ್ಷಿಯಂತೆ ಉಬ್ಬಿ, ಕಾಲು ಚಾಚಿ ಬಿದ್ದುಕೊಂಡಿದ್ದವು, ಮದುವೆಯೂಟ ಮುಗಿಸಿದ ಬೀಗರ ಹಾಗೆ.

"ಯಾರೋ ಇವಕ್ಕೆ ಊಟ ಹಾಕಿದಾರೆ," ಎಂದಳು.

"ತಿಗಣೆಗೆ ಯಾರಮ್ಮ ಊಟ ಹಾಕ್ತಾರೆ?" ಎಂದ ವನ್ಯಪ್ರಾಣಿ ಕೇಂದ್ರದ ಬೋನುಗಳನ್ನು ನೋಡಿಕೊಳ್ಳುವ ಆಳು. ಸದಾ ಗೊಣಗುವ ಅವನನ್ನು ಎಲ್ಲರೂ ಗೊಣಗಣ್ಣ ಎಂದೇ ಕರೆಯುತ್ತಿದ್ದರು. "ಪ್ರಪಂಚದಲ್ಲಿ ಬೇರೆ ಕೆಲಸ ಇಲ್ವಾ?"

ಡಾಕ್ಟರಮ್ಮನಿಗೆ ನಗು ಬರಲಿಲ್ಲ. ಬೋನಿನಲ್ಲಿದ್ದ ಕಾಡುಬೆಕ್ಕು ಬಸುರಿ. ಅದರ ಜಾತಿಯೇ ಅಳಿವಿನಂಚಿನಲ್ಲಿತ್ತು. ಮರಳುನೊಣ ಕಚ್ಚಿ ಹರಡುವ ಪರಾವಲಂಬಿ ರೋಗ ಅದರ ರಕ್ತದಲ್ಲಿ ಇಲ್ಲವೆಂದು ಖಾತ್ರಿಯಾದರೆ ಮಾತ್ರ ಕಾಡಿಗೆ ಬಿಡಬಹುದು. ಬಸುರಿಗೆ ಅರಿವಳಿಕೆ ಕೊಡುವಂತಿಲ್ಲ, ಎಚ್ಚರವಾಗಿರುವಾಗ ಸೂಜಿ ಹಿಡಿದು ಹತ್ತಿರ ಹೋಗುವ ಗುಂಡಿಗೆ ಯಾರಿಗೂ ಇಲ್ಲ. ಅದಕ್ಕೇ ಈ ಉಪಾಯ. ಮಂಚದ ತಿಗಣೆಗಿಂತ ಎಷ್ಟೋ ಪಟ್ಟು ದೊಡ್ಡ ಜಾತಿಯ, ಲ್ಯಾಬಿನಲ್ಲೇ ಹುಟ್ಟಿ ಬೆಳೆದ, ವಾರಗಟ್ಟಲೆ ಹಸಿದ ತಿಗಣೆಯನ್ನು ಬೆಕ್ಕು ಮಲಗುವ ಹಲಗೆಯ ತೂತಿನಲ್ಲಿಟ್ಟು ಜಾಲರಿ ಮುಚ್ಚುವುದು. ಮಲಗಿದ ಬೆಕ್ಕಿಗೆ ಗೊತ್ತಾಗದಂತೆ ಅದು ರಕ್ತ ಹೀರುತ್ತದೆ; ಆಮೇಲೆ ತಿಗಣೆಯ ಹೊಟ್ಟೆಯಿಂದ ಆ ರಕ್ತ ತೆಗೆದು ಪರೀಕ್ಷಿಸುವುದು. ಆದರೆ ಹೊಟ್ಟೆ ತುಂಬಿದ ತಿಗಣೆ ಮತ್ತೆ ಹಸಿಯಲು ವಾರಗಳೇ ಬೇಕು. ಅಷ್ಟರಲ್ಲಿ ಬೆಕ್ಕು ಬೋನಿನಲ್ಲೇ ಹೆರುತ್ತದೆ. ಮನುಷ್ಯರ ಮುಖ ನೋಡುತ್ತ ಕಣ್ಣು ಬಿಟ್ಟ ಮರಿಗಳನ್ನು ಕಾಡಿಗೆ ಬಿಡುವ ಮಾತೇ ಇಲ್ಲ. ಅವುಗಳ ಜೊತೆ ತಾಯಿಯೂ ಒಳಗೇ.

ಲ್ಯಾಬಿನ ಬೆಚ್ಚನೆಯ ಕಪಾಟು ಕೆಟ್ಟಿದ್ದರಿಂದ ಪೆಟ್ಟಿಗೆಯನ್ನು ಮನೆಗೆ ಒಯ್ದು, ಕಾವಿರಲೆಂದು ಫ್ರಿಜ್ಜಿನ ಮೇಲೆ ಇಟ್ಟಿದ್ದಳು; ಇಂದು ಬೆಳಿಗ್ಗೆಯಷ್ಟೇ ವಾಪಸು ತಂದದ್ದು. ಹಗಲೆಲ್ಲ ಮನೆಯಲ್ಲಿ ಇರುವವರು ಒಬ್ಬರೇ. ಡಾಕ್ಟರಮ್ಮ ಫೋನು ಮಾಡಿದಳು.

"ಅತ್ತೆ, ಫ್ರಿಜ್ಜಿನ ಮೇಲಿದ್ದ ಪೆಟ್ಟಿಗೆ ಮುಟ್ಟಿದ್ರಾ?"

"ಮುಟ್ಟಿಲ್ಲಮ್ಮ. ಜಾಲರಿ ಮೇಲೆ ಕೈ ಇಟ್ಕೊಂಡಿದ್ದೆ ಅಷ್ಟೆ."

"ಅಯ್ಯೋ! ಯಾಕೆ?"

"ನೀನೇ ತಾನೆ ಚೀಟಿ ಅಂಟಿಸಿದ್ದು, ಹಸಿದಿವೆ ಅಂತ? ಊಟಕ್ಕೆ ಕೂತಾಗ ಕಣ್ಣಿಗೆ ಬಿತ್ತು. ತುತ್ತು ಗಂಟಲಲ್ಲಿ ಇಳೀಲಿಲ್ಲ ಕಣೆ."

"ಅದರ ಕೆಳಗೆ, ಏನೂ ಕೊಡಬೇಡಿ ಅಂತಲೂ ಬರೆದಿದ್ದೆ!"

"ಓದಿದೆ. ಬಹಳ ಬೇಜಾರಾಯ್ತು. ನಾಲ್ಕಕ್ಷರ ಕಲಿತ ಹುಡುಗಿ ನೀನು, ಹೀಗಾ ಬರೆಯೋದು?" ಅತ್ತೆ ದೂರು ಮುಂದುವರಿಸಿದರು. "ಅವು ಕಚ್ಚಿದ್ರೆ ಗೊತ್ತೇ ಆಗಲ್ಲ ಅಂತ ನೀನು ಅಂದಿದ್ದೆ. ಗೊತ್ತಾಗುತ್ತೆ. ಸ್ವಲ್ಪ ಚುಮುಚುಮು ಅನ್ನುತ್ತೆ. ನಿಮ್ಮ ಲ್ಯಾಬಿನವರಿಗೆ ಹೇಳು."

ಪಕ್ಕದಲ್ಲೇ ಕಿವಿಯಾನಿಸಿ ನಿಂತಿದ್ದ ಗೊಣಗಣ್ಣ ಪಿಸುಗುಟ್ಟಿದ: "ಅಮ್ಮ, ಇವರಿಗೆ ಮಾತ್ರ ನಮ್ಮ ಬೆಕ್ಕನ್ನ ತೋರಿಸಬೇಡಿ. ಬೋನಿಗೂ ಕೈ ಹಾಕ್ತಾರೆ."

ಡಾಕ್ಟರಮ್ಮ ಸೋತ ದನಿಯಲ್ಲಿ ಕೇಳಿದಳು: "ಎಲ್ಲಕ್ಕೂ ಕೊಟ್ರಾ?"

"ಎಲ್ಲಕ್ಕೂ. ಒಂದನ್ನ ಬಿಟ್ಟು."

"ಒಂದನ್ನ ಬಿಟ್ಟಾ!"

"ಇನ್ನೇನು ಮತ್ತೆ? ಪಕ್ಕದವರ ತಲೆ ತುಳ್ಕೊಂಡು ತಾನೇ ಮೊದಲು ಅಂತ ನುಗ್ತಿತ್ತು. ಚಿಕ್ಕದೊಂದು ಪಾಪ, ಮೂಲೇಲಿ ನಿಂತು ಮಿಕಿಮಿಕಿ ನೋಡ್ತಿತ್ತು. ನೋಡೋಷ್ಟು ನೋಡಿ, ಆ ನುಗ್ಗೋದನ್ನ ಚಮಚದಲ್ಲಿ ಎತ್ತಿ ಲೋಟದ ಕೆಳಗೆ ಕವುಚಿ ಹಾಕಿದೆ. ಪಂಕ್ತೀಲಿ ಶಿಸ್ತಿಲ್ಲದವರಿಗೆ ನಾನು ಬಡಿಸಲ್ಲ. ನಿನ್ನ ಗಂಡನನ್ನೂ ಹಾಗೇ ಬೆಳೆಸಿದ್ದು."

"ಅದು ಈಗೆಲ್ಲಿದೆ ಅತ್ತೆ?"

"ಲೋಟದೊಳಗೇ ಇದೆ. ಮುಖ ಊದಿಸ್ಕೊಂಡು ಕೂತಿದೆ."

"ನಿಮ್ಮ ಕಾಲಿಗೆ ಬೀಳ್ತೀನಿ, ನಾನು ಬರೋವರೆಗೂ ಅದಕ್ಕೇನೂ ಕೊಡಬೇಡಿ."

"ನೀನು ಬಂದ್ಮೇಲೂ ಕೊಡಲ್ಲ. ಮೊದಲು ಬುದ್ಧಿ ಬರಲಿ."

ಆ ದುರಾಸೆಯ ತಿಗಣೆಯನ್ನು ತಂದು ಹಲಗೆಯ ತೂತಿನಲ್ಲಿಟ್ಟದ್ದಾಯಿತು. ಬೆಕ್ಕು ಹಲಗೆಯ ಸುತ್ತ ಸುತ್ತಿತು. ಅದನ್ನು ಬಿಟ್ಟು ನೆಲದ ಮೇಲೆ ಮಲಗಿತು. ಎದ್ದು ಮೂಲೆಗೆ ಹೋಯಿತು. ಕ್ಯಾಮರಾದ ಮುಂದೆ ಕೂತ ಡಾಕ್ಟರಮ್ಮ ಉಗುರು ಕಚ್ಚಿದಳು. ಗೊಣಗಣ್ಣ ಗೊಣಗುವುದನ್ನೂ ಮರೆತ. ಕೊನೆಗೊಮ್ಮೆ ಬೆಕ್ಕು ಭಾರದ ಹೊಟ್ಟೆಯನ್ನು ಹಲಗೆಯ ಮೇಲಿಳಿಸಿ, ನಿಟ್ಟುಸಿರಿಟ್ಟು ಕಣ್ಣು ಮುಚ್ಚಿತು. ಅದು ಎದ್ದು ಹೋದಾಗ ತಿಗಣೆ ಗೋಲಿಯಷ್ಟಾಗಿತ್ತು. ರೋಗವಿಲ್ಲ ಎಂದು ಲ್ಯಾಬಿನವರು ತಿಳಿಸಿದ ಸಂಜೆ ಬೆಕ್ಕನ್ನು ಬಿಡಲು ಅತ್ತೆ ತಾವೂ ಬರುವುದಾಗಿ ಹಟ ಹಿಡಿದರು. ಹೇಗೂ ಆ ಒಂದು ತಿಗಣೆಯ ಋಣ ಸೊಸೆಯ ಮೇಲಿತ್ತು. ಬೇಡವೆನ್ನುವ ಬಾಯಿ ಅವಳಿಗಿರಲಿಲ್ಲ.

ಕಾಡಿನಂಚಿನಲ್ಲಿ ಜೀಪಿನಿಂದ ಬೋನು ಇಳಿಸಿ ಬಾಗಿಲೆತ್ತಿದರು. ಬೆಕ್ಕು ಹೊರಬರಲಿಲ್ಲ. ಗೊಣಗಣ್ಣ ತಟ್ಟಿ ನೋಡಿದ. ಡಾಕ್ಟರಮ್ಮ ಕತ್ತು ಚಾಚಿ ಕಾದಳು. ಎಷ್ಟೋ ವರ್ಷಗಳಿಂದ ಇದೊಂದು ಗಳಿಗೆಯನ್ನು ಕಣ್ಣಾರೆ ನೋಡಬೇಕೆಂದು ದುಡಿದವಳು ಅವಳು. ಒಳಗೆ ಹೊಳೆಯುವ ಎರಡು ಕಣ್ಣುಗಳು ಅಲುಗಲಿಲ್ಲ.

"ಬಸುರಿ ಹೆಂಗಸು ಅದು," ಎಂದು ಅತ್ತೆ ತಗ್ಗಿದ ದನಿಯಲ್ಲಿ ಗದರಿದರು. "ಹೀಗೆ ದುರುಗುಟ್ಟಿ ನೋಡ್ತಾ ನಿಂತ್ರೆ ಹೇಗೆ ಎದ್ದು ಹೋಗ್ತಾಳೆ? ಇಬ್ಬರೂ ಆ ಕಡೆ ತಿರುಗಿ."

ಡಾಕ್ಟರಮ್ಮ ತುಟಿ ಕಚ್ಚಿ ತಿರುಗಿ ನಿಂತಳು. ಗೊಣಗಣ್ಣನೂ ಗೊಣಗುತ್ತ ತಿರುಗಿದ. ಬೆನ್ನ ಹಿಂದೆ ಒಮ್ಮೆ ತರಗೆಲೆ ಸರಕ್ಕೆಂದಿತು.

ಮತ್ತೆ ಈ ಕಡೆ ನೋಡುವಾಗ ಬೋನು ಖಾಲಿ. ಅತ್ತೆ ಮಾತ್ರ ತಿರುಗಿಯೇ ಇರಲಿಲ್ಲ. ಯಾರನ್ನೋ ಬಸ್ಸು ಹತ್ತಿಸಿದವರ ಹಾಗೆ ಕಾಡಿನತ್ತ ಕೈ ಬೀಸುತ್ತಿದ್ದರು.