ಕನ್ನಡಕ ಜಾರಿದಾಗ

ಬೆವರಿಗೆ ಕನ್ನಡಕ ಮೂಗಿನ ತುದಿಗೆ ಜಾರಿತು. ಅದನ್ನು ಮೇಲೆ ತಳ್ಳಲು ಅವನು ಎಡಗೈ ಎತ್ತಿದ. ಆ ಕೈಯಲ್ಲಿ ಇನ್ನೊಬ್ಬರ ಕೈ ಇದೆ ಎಂಬುದು ಎತ್ತಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ಲೈಬ್ರರಿ ಮೇಡಂ ಆ ಕೈಯಡಿಯಲ್ಲಿ ಬುಗುರಿಯಂತೆ ಒಂದು ಸುತ್ತು ತಿರುಗಿ, ತಾಳ ತಪ್ಪದೆ, ಮತ್ತೆ ಅವನೆದುರು ಬಂದು ನಿಂತಿದ್ದರು.

ವಿಶ್ವವಿದ್ಯಾಲಯದ ಸ್ವಿಂಗ್ ಡ್ಯಾನ್ಸ್ ತರಗತಿಯಲ್ಲಿ ಅವನಿಗಿದು ಎರಡನೇ ದಿನ. ಹಾಡು ಬದಲಾದಂತೆ ಜೋಡಿಯೂ ಬದಲಾಗಬೇಕು. ಹಿಂದಿನ ಮೂವರ ಕಾಲು ತುಳಿದು ಬಂದಿದ್ದ ಅವನು, ಲೈಬ್ರರಿಯಲ್ಲಿ ಪಿಸುಗುಟ್ಟಿದರೂ ಹುಬ್ಬಿನಲ್ಲೇ ಗದರುವ ಈ ಮೇಡಂ ಎದುರಾದಾಗ, ‘ಸತ್ತೆ’ ಎಂದುಕೊಂಡು ತನ್ನ ಬೂಟುಗಳನ್ನೇ ನೋಡುತ್ತ ಹೆಜ್ಜೆ ಎಣಿಸತೊಡಗಿದ್ದ.

ಡ್ಯಾನ್ಸ್ ಟೀಚರ್ ಹಾಡು ನಿಲ್ಲಿಸಿದರು. “ಏಯ್, ಆ ಸುತ್ತು ಮುಂದಿನ ವಾರದ ಪಾಠ ಕಣಯ್ಯಾ! ನಿಂಗ್ಯಾರು ಹೇಳ್ಕೊಟ್ರು?”

“ಇಲ್ಲ ಸರ್... ನಾನು... ಕನ್ನಡಕ...” ಎಂದು ಅವನು ತಡವರಿಸಿದ.

“ಕೈ ಎತ್ತೋದು ಅಂದ್ರೆ ಬಾಗಿಲು ತೆಗೆದ ಹಾಗೆ ಅಂತ ಮೂರು ವರ್ಷದಿಂದ ನೀವೇ ಹೇಳ್ತಿದೀರಲ್ಲ ಸಾರ್,” ಎಂದರು ಮೇಡಂ, ಮಂಡಿಯ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತ, ಏದುಸಿರಿನ ನಡುವೆಯೇ. “ಹುಡುಗ ತೆಗೆದ, ನಾನು ಹೋದೆ. ಚೆನ್ನಾಗೇ ತೆಗೆದ.”

ಅವನು ಮೊದಲ ಸಲ ಬೂಟುಗಳಿಂದ ಕಣ್ಣೆತ್ತಿ ಅವರ ಮುಖ ನೋಡಿದ. ಅಲ್ಲಿ ಗದರಿಕೆಯ ಸುಳಿವೇ ಇರಲಿಲ್ಲ. ಸುತ್ತಿದ ಖುಷಿಗೆ ಕೆನ್ನೆ ಕೆಂಪಾಗಿತ್ತು. ತಾನು ಮಾಡಿದ ಎಡವಟ್ಟನ್ನು ಕಣ್ಣು ಮಿಟುಕಿಸುವುದರೊಳಗೆ ಕುಣಿತ ಮಾಡಿಬಿಟ್ಟಿದ್ದರಲ್ಲ ಈಕೆ!

ಹಾಡು ಮತ್ತೆ ಶುರುವಾಯಿತು. ಈ ಸಲ ಕನ್ನಡಕ ಇದ್ದಲ್ಲೇ ಇತ್ತು. ಅವನು ಕೈ ಎತ್ತಿದ.