ಒಂದೇ ಎಂಜಲು

ರೋಗಗಳಿಗೆ ಔಷಧ ನಾಟದಂತಾದ ಮೇಲೆ ಪ್ರತಿ ತಿಂಗಳೂ ಎಂಜಲು ತಪಾಸಣೆ ನಡೆಯುತ್ತಿತ್ತು. ಸಾಕಿದವರ ಬಾಯಿಗೊಂದು ಕಡ್ಡಿ, ನಾಯಿಯ ಬಾಯಿಗೊಂದು. ತಿಪ್ಪೆಗೆ ಬಾಯಿ ಹಾಕುವ ತನ್ನ ನಾಯಿ ಬಾಳ್ಯಾನಲ್ಲಿ ರೋಗಾಣು ಸಿಕ್ಕೀತೆಂದು, ಅದನ್ನು ಉಳಿಸಿಕೊಳ್ಳಲು ನೀಲವ್ವ ಈ ಸಲ ಎರಡೂ ಕಡ್ಡಿಗಳನ್ನು ತನ್ನ ಬಾಯಲ್ಲೇ ಆಡಿಸಿ ಕೊಟ್ಟಿದ್ದಳು.

ನರ್ಸ್ ಶಮೀಮಾ ವ್ಯಾನಿನೊಂದಿಗೆ ಬಂದಳು. "ಎರಡರಾಗೂ ಒಂದೇ ರೋಗಾಣು, ಅಜ್ಜಿ. ಹಂಗಿದ್ರ ನಾಯಿ ಒಯ್ದು ಕೊಲ್ಲಬೇಕಂತ ಕಾಯ್ದೆ ಐತಿ."

"ಎರಡೂ ನನ್ನ ಎಂಜಲಾನ, ಯವ್ವಾ! ಅದರ ಬಾಯಿಗೆ ಕಡ್ಡಿ ಹಚ್ಚೇ ಇಲ್ಲ!"

"ಎಲ್ಲಾರೂ ಹಂಗ ಅಂತಾರ," ಎಂದ ಶಮೀಮಾ ಮೆಲ್ಲಗೆ ನಾಯಿಯ ಹಗ್ಗ ಬಿಚ್ಚಿದಳು. "ಏನರ ತಿನ್ನಸೂದಿದ್ರ ತಿನ್ನಸು, ಅಜ್ಜಿ. ನಿಲ್ತೀನಿ."

ಕಾಯಿಲೆಗೆ ಹೆದರಿ ನೀಲವ್ವ ಆರು ವರ್ಷಗಳಲ್ಲಿ ಒಮ್ಮೆಯೂ ಬಾಳ್ಯಾನಿಗೆ ತನ್ನ ಎಂಜಲು ಹಾಕಿರಲಿಲ್ಲ; ಅದಕ್ಕೆ ಬಾಯಿ ಹಾಕಬಂದರೆ ಬೈಯುತ್ತಿದ್ದಳು. ಈಗ ತಾನು ಕಚ್ಚಿದ್ದ ರೊಟ್ಟಿಯನ್ನೇ ಅದರ ಮುಂದೆ ಹಿಡಿದಳು. ಬಾಳ್ಯಾ ಮೂಸಿತು, ಬೈಯುತ್ತಾಳೇನೋ ಎಂದು ಅವಳ ಮುಖ ನೋಡಿತು.