ಪಂಪಮ್ಮನ ಕೂದಲು

“ಮತ್ತ ವಿಭೂತಿ ಹಚ್ಚೀಯಲ್ಲ. ನಾ ಹೇಳಿದ್ದು ಕೇಳಬಾರ್ದಂತ ಆಣಿ ಮಾಡೀಯೇನು?” ಎಂದು ಡ್ರಾಯಿಂಗ್ ಮಾಸ್ತರ ತೋಟಪ್ಪ ಮಗಳ ಚಿತ್ರವನ್ನು ಗೋಡೆಯಿಂದ ಇಳಿಸಿ ಹೆಂಡತಿಯ ಮುಂದೆ ಹಿಡಿದ. ಗಾಜಿನೊಳಗೆ ಪಂಪಮ್ಮನ ಕಪ್ಪು ಕೂದಲ ಮೇಲೆ ತೆಳ್ಳಗೆ ಬಿಳಿ ಕೂತಿತ್ತು.

ಅಕ್ಕಿ ಆರಿಸುತ್ತಿದ್ದ ಮರುಳಸಿದ್ದಮ್ಮ ತಲೆ ಎತ್ತದೆ, ತಾನು ಮುಟ್ಟಿಲ್ಲ ಎಂದಳು. ಅದನ್ನು ನಂಬಲು ತೋಟಪ್ಪನೇನು ಹುಚ್ಚನೇ? ಪಂಪಮ್ಮ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಕಂಪ್ಲಿಯ ಆ ಮನೆಯಲ್ಲಿ ಅವಳ ಮುಖವೆಂದು ಉಳಿದದ್ದು ಈ ಕಾಗದದಲ್ಲಿ ಮಾತ್ರ. ಮದುವೆಯ ವರ್ಷ ಹೊಸಪೇಟೆಗೆ ಹೋಗಿ ಫೋಟೋ ತೆಗೆಸೋಣ ಎಂದು ಬೀಗರು ಹೇಳಿದಾಗ, ನಾನಿರುವಾಗ ಫೋಟೋ ಯಾಕೆ ಎಂದು ಮೂಗು ಮುರಿದು, ಮದರಾಸಿನಿಂದ ತರಿಸಿದ ಬಣ್ಣದ ಪೆನ್ಸಿಲ್‌ಗಳಲ್ಲಿ ತಾನೇ ಬರೆದಿದ್ದ. ಇನ್ನೊಂದು ಬರೆಯೋಣವೆಂದರೆ ಯುದ್ಧ ಬಂದು ಆ ವಿಲಾಯಿತಿ ಪೆನ್ಸಿಲ್‌ಗಳು ಸಿಗುತ್ತಿರಲಿಲ್ಲ. ನೆನಪಿನಲ್ಲಿದ್ದ ಮುಖವೂ ಮಸುಕಾಗತೊಡಗಿತ್ತು. ಇದ್ದ ಈ ಒಂದನ್ನು ಹೇಗಾದರೂ ಉಳಿಸಿಕೊಳ್ಳಬೇಕಿತ್ತು.

ಉಳಿಸಿಕೊಳ್ಳಲು ಹೆಂಡತಿ ಬಿಡಬೇಕಲ್ಲ. ಸತ್ತವರ ಹಣೆ ಬರಿದಾಗಿರಬಾರದೆಂದು ಅವಳು ದಿನಾ ಬೆಳಿಗ್ಗೆ ಮಿಂದು ಬಂದು ವಿಭೂತಿಯ ಮೂರು ಗೆರೆ ಎಳೆಯುತ್ತಿದ್ದಳು, ಅದೂ ಒದ್ದೆ ಬೆರಳಲ್ಲಿ, ಕಾಗದದ ಮೇಲೆಯೇ. ಅದು ಕೂದಲಿಗೂ ಹರಡುತ್ತಿತ್ತು. ತೋಟಪ್ಪ ಗಾಜು ಹಾಕಿಸಿದ. ಗಾಜಿಗೆ ಹಚ್ಚಿದರೆ ಮಗಳಿಗೆ ಮುಟ್ಟುವುದಿಲ್ಲವೆಂದು ಅವಳು ಹಿಂದಿನ ಮೊಳೆ ಕಿತ್ತು, ಚಿತ್ರ ಹೊರತೆಗೆದು ಹಚ್ಚಿದಳು. ಬಣ್ಣ ಮಾಸೀತೆಂದು ಅವನು ಬಿಸಿಲು ಬೀಳದ ಗೋಡೆಗೆ ಸರಿಸಿದರೆ, ಮಗಳು ಕತ್ತಲಲ್ಲಿ ಕೂತಿದ್ದಾಳೆಂದು ಮುಂದೆ ಎಣ್ಣೆ ದೀಪ ತಂದಿಟ್ಟಳು. ಅದರ ಹೊಗೆ ಬೇರೆ. ತೋಟಪ್ಪನಿಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು.

ಈ ಸಲ ಅವನು ಚೌಕಟ್ಟಿನ ಹಿಂಬದಿಗೆ ಗೋಂದು ಬಳಿದು ಕಾಗದ ಅಂಟಿಸಿದ್ದ. ಅವಳು ಬಿಚ್ಚಿದ್ದರೆ ಅದು ಹರಿದಿರಲೇಬೇಕು. ಸಿಕ್ಕಿಬಿದ್ದಳು ಎಂದುಕೊಂಡು ಚಿತ್ರ ತಿರುಗಿಸಿದ. ಕಾಗದ ಅಂಟಿಸಿದ ಹಾಗೆಯೇ ಇತ್ತು.

ತೋಟಪ್ಪ ತಾನೇ ಬಿಚ್ಚಿ, ಹಳೆಯ ಧೋತರದ ಮೆತ್ತನೆಯ ಚೂರಿನಿಂದ ಕೂದಲನ್ನು ಹಗುರವಾಗಿ ಒರೆಸಿದ. ಬಿಳಿ ಹೋಯಿತು. ಕೆಲವು ವಾರಗಳಲ್ಲಿ ಮತ್ತೆ ಬಂತು. ಒರೆಸಿದ, ಮತ್ತೆ ಬಂತು. ಮಗಳ ಕೂದಲು ಭಾರಿ ದಟ್ಟವೆಂದು ಕಪ್ಪು ಪೆನ್ಸಿಲನ್ನು ಒತ್ತಿ ಒತ್ತಿ ತುಂಬಿದ್ದನಲ್ಲ, ಆ ಪೆನ್ಸಿಲಿನ ಮೇಣವೇ ಮೇಲೆದ್ದು ಬೆಳ್ಳಗಾಗುತ್ತಿದೆ ಎಂದು ಕೊನೆಗೆ ಹೊಳೆಯಿತು. ಹೆಂಡತಿಯನ್ನು ಬೈದದ್ದೆಲ್ಲ ದಂಡ. ಇನ್ನು ಬೈಯಲು ಯಾರೂ ಸಿಗುವುದಿಲ್ಲವೆಂದು ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಸಾಯುವ ತನಕ ಇದನ್ನೇ ಒರೆಸುತ್ತ ಕೂರುವುದು ತನ್ನ ಹಣೆಬರಹ ಎಂದು ಗೊಣಗುತ್ತ ಒಂದು ಮಧ್ಯಾಹ್ನ ಮತ್ತೆ ಬಟ್ಟೆ ಕೈಗೆತ್ತಿಕೊಂಡ. ಮರುಳಸಿದ್ದಮ್ಮ ಬಂದು ಪಕ್ಕದಲ್ಲಿ ಕೂತಳು. ಬೈತಲೆಯ ಎರಡೂ ಕಡೆ ಹಬ್ಬಿದ್ದ ಬಿಳಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಕೈ ಹಿಡಿದಳು.

“ಒರಸಬ್ಯಾಡ್ರಿ,” ಎಂದಳು. “ಕೂದ್ಲು ಬೆಳ್ಳಗಾಗ್ಲಿ ಬಿಡ್ರಿ. ಅಕಿಗೂ ಒಂದಿಷ್ಟು ವಯಸ್ಸಾಗ್ಲಿ.”